ಉಪ್ಪುಕಾಗದಕ್ಕೆ ನಂಬರ್ ಇದೆ, ಹಲ್ಲುಪುಡಿಗೆ ಯಾಕಿಲ್ಲ?

ನಿಮ್ಮೂರಿನ ಬಡಗಿಯ ಹತ್ತಿರ ಹೋಗಿ, ಒಂದು ಉಪ್ಪುಕಾಗದ ತೆಗೆದು ಹಿಂದೆ ತಿರುಗಿಸಿ ನೋಡಿ. 80, 120, 220 ಅಂತ ಏನಾದರೊಂದು ನಂಬರ್ ಅಚ್ಚಾಗಿರುತ್ತದೆ. 80 ಅಂದರೆ ಒರಟು. 220 ಅಂದರೆ ನಯ. ಬಾಗಿಲಿಗೆ ಮೊದಲು ಒರಟು ಹಾಕಬೇಕು, ಪಾಲಿಶ್‌ಗೆ ಮುಂಚೆ ನಯವಾದದ್ದು ಹಾಕಬೇಕು. ತಪ್ಪಿ ಒರಟನ್ನೇ ಕೊನೆಗೆ ಎಳೆದರೆ ತೇಗದ ಹಲಗೆ ತುಂಬ ಗೀರು. ಇದು ಬಡಗಿಗೂ ಗೊತ್ತು, ಕಾಗದ ಮಾಡಿದ ಕಂಪನಿಗೂ ಗೊತ್ತು. ಅದಕ್ಕೇ ಆ ನಂಬರ್.

ಗೊಬ್ಬರದ ಚೀಲ ನೋಡಿ, 17:17:17 ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯಲ್ಲಿ ಮೊಳಕೆ ಶೇಕಡಾ ಎಷ್ಟು ಅಂತ ಇರುತ್ತದೆ. ಡೇರಿಗೆ ಹಾಲು ಹಾಕಿದರೆ ಫ್ಯಾಟ್ ಎಷ್ಟು ಬಂತು ಅಂತ ಚೀಟಿ ಬರುತ್ತದೆ. ನಂಬರ್ ನೋಡಿ ಕೊಳ್ಳುವುದು, ನಂಬರ್ ನೋಡಿ ಮಾರುವುದು ಹಳ್ಳಿಯವರಿಗೆ ಹೊಸದೇನಲ್ಲ.

ಈಗ ಬಚ್ಚಲಮನೆ ಗೂಡಿನಲ್ಲಿರುವ ಹಲ್ಲುಪುಡಿ ಡಬ್ಬಿಯನ್ನೋ, ಪೇಸ್ಟ್ ಟ್ಯೂಬನ್ನೋ ತೆಗೆದು ತಿರುಗಿಸಿ. ಬೆಲೆ ಇದೆ. ತೂಕ ಇದೆ. ಲವಂಗದ ಚಿತ್ರ ಇದೆ, ಬೇವಿನ ಎಲೆ ಇದೆ, ಮುತ್ತಿನಂಥ ಹಲ್ಲು ತೋರಿಸಿ ನಗುವ ಮುಖ ಇದೆ. ಆದರೆ ಈ ಪುಡಿ ಎಷ್ಟು ಒರಟು, ದಿನಾ ಉಜ್ಜಿದರೆ ಹಲ್ಲನ್ನು ಎಷ್ಟು ಸವೆಸುತ್ತದೆ ಅನ್ನುವ ನಂಬರ್ ಇದೆಯೇ? ನಮ್ಮ ಭಾಗದ ಕಿರಾಣಿ ಅಂಗಡಿಗಳಲ್ಲಿ ನೇತುಹಾಕಿದ ಸ್ಯಾಚೆಯಿಂದ ಹಿಡಿದು ಪೇಟೆಯ ಮೆಡಿಕಲ್ ಸ್ಟೋರಿನ ದುಬಾರಿ ಟ್ಯೂಬಿನವರೆಗೆ ನಾವು ತಿರುಗಿಸಿ ನೋಡಿದೆವು. ಒಂದರಲ್ಲೂ ಕಾಣಲಿಲ್ಲ.

ಒಂದು ಅಂಗಡಿಯಲ್ಲಿ, "ಅಣ್ಣಾ, ಇದರಲ್ಲಿ ನಯವಾದದ್ದು ಯಾವುದು?" ಅಂತ ಕೇಳಿದೆವು. "ಎಲ್ಲಾ ಒಂದೇ ಸರ್, ಕೆಂಪು ಬೇಕಾ, ಕರಿ ಬೇಕಾ, ಬಿಳಿ ಬೇಕಾ ಹೇಳಿ" ಅಂದರು. ಅವರ ತಪ್ಪೇನಿಲ್ಲ. ಅವರಿಗೂ ಯಾರೂ ಹೇಳಿಲ್ಲ.

ಮರಕ್ಕೆ ಸಿಗುವ ಮರ್ಯಾದೆ ಮನುಷ್ಯನ ಹಲ್ಲಿಗೆ ಸಿಕ್ಕಿಲ್ಲ. ನಮ್ಮ ತಕರಾರು ಇಷ್ಟೇ.

ಹಲ್ಲು ಉಗುರಲ್ಲ, ಮತ್ತೆ ಬೆಳೆಯುವುದಿಲ್ಲ

ಉಗುರು ಕತ್ತರಿಸಿದರೆ ಬೆಳೆಯುತ್ತದೆ. ಅಂಗೈ ಕಿತ್ತುಹೋದರೆ ಹೊಸ ಚರ್ಮ ಬರುತ್ತದೆ. ಮೂಳೆ ಮುರಿದರೂ ಕೂಡುತ್ತದೆ. ಹಲ್ಲಿನ ಮೇಲ್ಪದರ ಹಾಗಲ್ಲ.

ಆ ಮೇಲ್ಪದರದ ಹೆಸರು ಎನಾಮಲ್. ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು ಅದು. ಅದರಲ್ಲಿ ಶೇಕಡಾ 96ರಷ್ಟು ಖನಿಜವೇ. ಆದರೆ ಅದರಲ್ಲಿ ಜೀವಕೋಶ ಇಲ್ಲ. ಹಲ್ಲು ಹುಟ್ಟುವ ಮೊದಲು ಅದನ್ನು ಕಟ್ಟಿದ ಕೋಶಗಳು ಹಲ್ಲು ಹೊರಬರುವಾಗಲೇ ಕೆಲಸ ಮುಗಿಸಿ ಹೋಗಿರುತ್ತವೆ. ಹಾಗಾಗಿ ಎನಾಮಲ್ ಸವೆದರೆ ಸವೆದದ್ದೇ. ಎಂಜಲಿನಲ್ಲಿರುವ ಖನಿಜ ಮತ್ತು ಫ್ಲೋರೈಡ್ ಸೇರಿ, ಮೆತ್ತಗಾದ ಜಾಗವನ್ನು ಸ್ವಲ್ಪ ಗಟ್ಟಿ ಮಾಡಬಹುದು. ಆದರೆ ಕಳೆದುಹೋದ ಪದರವನ್ನು ಮತ್ತೆ ಕಟ್ಟಲಾರವು.

ಅಗಿಯುವ ಹಲ್ಲಿನ ತುದಿಯಲ್ಲಿ ಈ ಪದರ ಎರಡು, ಎರಡೂವರೆ ಮಿಲಿಮೀಟರ್ ದಪ್ಪ. ವಸಡಿನ ಹತ್ತಿರ ಬರುತ್ತಾ ಬರುತ್ತಾ ಕಾಗದದಷ್ಟು ತೆಳುವಾಗಿ ಮುಗಿದೇಹೋಗುತ್ತದೆ. ನಾವು ಬೆರಳಿಟ್ಟು ಗಸಗಸ ಉಜ್ಜುವುದು ಸರಿಯಾಗಿ ಅಲ್ಲೇ.

ಎನಾಮಲ್ ಕೆಳಗೆ ಡೆಂಟಿನ್ ಅನ್ನುವ ಹಳದಿ ಪದರ ಇದೆ. ಅದು ಮೆತ್ತಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಕೊಳವೆಗಳು ಅದರ ತುಂಬ ಇವೆ, ಅವೆಲ್ಲ ಒಳಗಿನ ನರದ ಕಡೆಗೆ ಹೋಗುತ್ತವೆ. ಮೇಲಿನ ಪದರ ಸವೆದು ಆ ಕೊಳವೆಗಳ ಬಾಯಿ ತೆರೆದುಕೊಂಡರೆ ತಣ್ಣೀರು ಕುಡಿದಾಗ, ಹುಣಸೆಹುಳಿ ಸಾರು ಉಂಡಾಗ, ಚಳಿಗಾಲದ ಗಾಳಿ ಬಾಯಿಗೆ ಹೊಕ್ಕಾಗ ಹಲ್ಲು ಜುಮ್ ಅನ್ನುತ್ತದೆ. "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ವಯಸ್ಸಿನ ಕೆಲಸವಲ್ಲ, ಬೆಳಿಗ್ಗೆ ಬೆಳಿಗ್ಗೆ ನಾವೇ ಮಾಡಿಕೊಂಡ ಕೆಲಸ.

ಈಗಲೇ ಕನ್ನಡಿ ಮುಂದೆ ನಿಂತು ನೋಡಬಹುದು. ಬಲಗೈಯಲ್ಲಿ ಹಲ್ಲುಜ್ಜುವವರು ಎಡಗಡೆಯ ಕೋರೆಹಲ್ಲು, ಅದರ ಹಿಂದಿನ ಹಲ್ಲು ನೋಡಿಕೊಳ್ಳಿ. ವಸಡು ಹಲ್ಲಿಗೆ ಸೇರುವ ಜಾಗದಲ್ಲಿ ಉಗುರನ್ನು ಮೆಲ್ಲಗೆ ಮೇಲಿಂದ ಕೆಳಗೆ ಆಡಿಸಿ. ಕೊಡಲಿ ಏಟು ಬಿದ್ದ ಮರದ ಹಾಗೆ ಅಲ್ಲೊಂದು ಕಚ್ಚು ಸಿಕ್ಕಿತೇ? ಅಡ್ಡಡ್ಡ ಒತ್ತಿ ಉಜ್ಜಿದ್ದಕ್ಕೆ ಬೀಳುವ ಗುರುತು ಅದು. ಅಲ್ಲಿ ಒತ್ತಡ ಹೆಚ್ಚು ಬೀಳುತ್ತದೆ ಅನ್ನುವುದೇ ಕಾರಣ. ಹುಳಿ ತಿನಿಸು, ಹಲ್ಲು ಕಡಿಯುವ ಅಭ್ಯಾಸ ಇವೂ ಜೊತೆ ಸೇರಿರಬಹುದು. ಹಾಗಾಗಿ ಕಚ್ಚು ಸಿಕ್ಕಿದವರು ಒಮ್ಮೆ ದಂತವೈದ್ಯರಿಗೆ ತೋರಿಸಿ.

ಯಾವುದು ಎಷ್ಟು ಗಟ್ಟಿ

ಗಟ್ಟಿ ವಸ್ತು ಮೆತ್ತನೆಯದನ್ನು ಗೀರುತ್ತದೆ. ಸಾಣೆಕಲ್ಲಿಗೆ ಕುಡುಗೋಲು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು, ಖನಿಜಗಳ ಗಟ್ಟಿತನ ಅಳೆಯಲು ಮೋಸ್ ಅಂತ ಒಂದು ಅಳತೆ ಇದೆ. 1ರಿಂದ 10ರವರೆಗೆ. ಮುಖಕ್ಕೆ ಹಚ್ಚುವ ಟಾಲ್ಕ್ 1, ವಜ್ರ 10. ಇದರಲ್ಲಿ ಹಲ್ಲಿನ ಎನಾಮಲ್ ಸುಮಾರು 5. ಡೆಂಟಿನ್ ಅದಕ್ಕಿಂತ ಬಹಳ ಕೆಳಗೆ, 3ರ ಆಸುಪಾಸು. ಪೇಸ್ಟ್‌ಗಳಲ್ಲಿ ಹಾಕುವ ಸುಣ್ಣದಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, 3. ಹೊಲದಲ್ಲಿ ಸಿಗುವ ಬೆಣಚುಕಲ್ಲು 7.

ಆ ಬೆಣಚುಕಲ್ಲಿನ ಮೇಲೆ ನಿಮ್ಮ ಕಣ್ಣಿರಲಿ. ಮರಳು ಅಂದರೆ ಬಹುಪಾಲು ಅದರ ಚೂರೇ. ಇಟ್ಟಿಗೆಯ ಮಣ್ಣಿನಲ್ಲಿ ಮರಳು ಇರುತ್ತದೆ, ಹಾಗಾಗಿ ಇಟ್ಟಿಗೆ ಪುಡಿಯಲ್ಲಿ ಬೆಣಚುಕಲ್ಲು ಇದ್ದೇ ಇರುತ್ತದೆ. ಒಲೆಯ ಬೂದಿ ಬಾಚುವಾಗ ನೆಲದ ಮಣ್ಣು, ಮರಳೂ ಜೊತೆಗೆ ಬರುತ್ತವೆ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದ್ದು. ಆ ಖನಿಜವೂ ಎನಾಮಲ್‌ಗಿಂತ ಗಟ್ಟಿ. 7ರ ಗಟ್ಟಿತನದ ಚೂರನ್ನು 5ರ ಹಲ್ಲಿನ ಮೇಲೆ, 3ರ ಬೇರಿನ ಮೇಲೆ ದಿನಾ ಉಜ್ಜಿದರೆ ಏನಾಗುತ್ತದೆ ಅಂತ ಹೇಳಲು ಡಾಕ್ಟರೇ ಬೇಕಿಲ್ಲ.

ಗಟ್ಟಿತನ ಒಂದೇ ಲೆಕ್ಕವಲ್ಲ. ಕಣ ಎಷ್ಟು ದಪ್ಪ, ಅಂಚು ಚೂಪೋ ದುಂಡೋ, ಪುಡಿ ಎಷ್ಟು ಹಾಕುತ್ತೀರಿ, ಎಷ್ಟು ಒತ್ತುತ್ತೀರಿ, ಎಷ್ಟು ಹೊತ್ತು ಉಜ್ಜುತ್ತೀರಿ, ಇವೆಲ್ಲ ಸೇರುತ್ತವೆ. ಪೇಸ್ಟ್‌ನಲ್ಲಿ ಉಜ್ಜುವ ಪುಡಿಯ ಜೊತೆ ನೀರು, ಗ್ಲಿಸರಿನ್, ಅಂಟು ಇರುತ್ತವೆ. ಹಲ್ಲುಪುಡಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಪುಡಿಯೇ. ಅದನ್ನು ಅಂಗೈಗೆ ಸುರಿದುಕೊಂಡು, ತೋರುಬೆರಳಿಗೆ ಅಂಟಿಸಿಕೊಂಡು, ಒಣಗಿದ್ದಂತೆಯೇ ಹಲ್ಲಿಗೆ ತಿಕ್ಕುವುದು ನಮ್ಮ ಕಡೆಯ ರೂಢಿ. ಬ್ರಷ್ಷಿನ ಎಳೆಯಾದರೆ ಬಾಗುತ್ತದೆ. ಬೆರಳು ಬಾಗುವುದಿಲ್ಲ, ತೋಳಿನ ಬಲವೆಲ್ಲ ಹಲ್ಲಿನ ಬುಡಕ್ಕೇ ಹೋಗುತ್ತದೆ.

ಬಿಳಿ ಮಾಡಲು ಹೋಗಿ ಹಳದಿ

ಎಲ್ಲ ಜಾಹೀರಾತಿನ ಒಂದೇ ಆಸೆ, ಬಿಳಿ ಹಲ್ಲು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಒರಟು ಪುಡಿ ಹಾಕಿ ಉಜ್ಜಿದರೆ ಮೊದಲ ವಾರ ಹಲ್ಲು ಬೆಳ್ಳಗೆ ಕಾಣುವುದು ನಿಜ. ಚಹಾದ ಕಲೆ, ಎಲೆಅಡಿಕೆಯ ಕಲೆ, ಬೀಡಿಯ ಕಲೆ ಮೇಲ್ಮೈಯಲ್ಲಿ ಕೂತಿರುತ್ತವೆ, ಕೆರೆದರೆ ಹೋಗುತ್ತವೆ. ಆದರೆ ಕಲೆಯ ಜೊತೆ ಮೇಲ್ಮೈಯೂ ಹೋಗುತ್ತದೆ. ಗೀರು ಬಿದ್ದ ಹಲ್ಲಿಗೆ ಮುಂದಿನ ಸಲ ಕಲೆ ಇನ್ನೂ ಬೇಗ ಹಿಡಿಯುತ್ತದೆ. ಆಗ ಇನ್ನೂ ಜೋರಾಗಿ ಉಜ್ಜುತ್ತೇವೆ. ವರ್ಷಗಟ್ಟಲೆ ಹೀಗೇ ನಡೆದು ಎನಾಮಲ್ ತೆಳುವಾದರೆ ಒಳಗಿನ ಡೆಂಟಿನ್ ಹೊಳೆಯುತ್ತದೆ. ಅದರ ಬಣ್ಣ ಹಳದಿ! ಬಿಳಿ ಬೇಕು ಅಂತ ದುಡ್ಡು ಕೊಟ್ಟು ತಂದ ಪುಡಿಯಿಂದಲೇ ಹಲ್ಲು ಹಳದಿಯಾಗುತ್ತದೆ.

ಈಗ ಫೋನಿಗೆ ಬರುವ ವಿಡಿಯೊಗಳ ಮಾತು. "ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ಉಜ್ಜಿ, ಎರಡೇ ನಿಮಿಷದಲ್ಲಿ ಫಳಫಳ." ಅಡುಗೆ ಸೋಡಾ ಮೆತ್ತನೆಯ ಪುಡಿ, ಅದೊಂದೇ ಆದರೆ ಅಷ್ಟು ಗೀರುವುದಿಲ್ಲ. ಅಪಾಯ ಇರುವುದು ನಿಂಬೆಯಲ್ಲಿ. ಹುಳಿಗೆ ಎನಾಮಲ್ ಕರಗುತ್ತದೆ. ಹುಳಿ ಅಳೆಯುವ ಪಿಎಚ್ ಅಳತೆಯಲ್ಲಿ ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಖನಿಜ ಬಿಡಲು ಶುರು ಮಾಡುತ್ತದೆ. ನಿಂಬೆರಸ 2ರ ಹತ್ತಿರ. ಹುಳಿಯಿಂದ ಮೆತ್ತಗಾದ ಹಲ್ಲನ್ನು ಆಗಲೇ ಉಜ್ಜಿದರೆ ಸವೆತ ಎರಡು ಕಡೆಯಿಂದ.

ಇನ್ನು ಇದ್ದಿಲು. ಅಜ್ಜಿ ಕಾಲದಲ್ಲಿ ಅದು ಬಡತನದ ಗುರುತು. ಈಗ ಕಪ್ಪು ಟ್ಯೂಬಿನಲ್ಲಿ ತುಂಬಿ, 'ಆಕ್ಟಿವೇಟೆಡ್ ಚಾರ್ಕೋಲ್' ಅಂತ ಹೆಸರಿಟ್ಟು, ಹತ್ತು ಪಟ್ಟು ಬೆಲೆಗೆ ಮಾರುತ್ತಾರೆ. 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆ ಇದ್ದಿಲಿನ ಹಲ್ಲುಪುಡಿ, ಪೇಸ್ಟ್‌ಗಳ ಬಗ್ಗೆ ಅದುವರೆಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದನ್ನು ಪ್ರಕಟಿಸಿತು. ಅವು ಸುರಕ್ಷಿತ, ಪರಿಣಾಮಕಾರಿ ಅನ್ನಲು ಸಾಕಷ್ಟು ಆಧಾರ ಇಲ್ಲ ಅನ್ನುವುದೇ ಅದರ ತೀರ್ಮಾನ. ಮಾರುವವರು ಇದನ್ನು ಪೊಟ್ಟಣದ ಮೇಲೆ ಬರೆಯುವುದಿಲ್ಲ.

ನಂಬರ್ ಇದೆ, ನಮಗೆ ಹೇಳಿಲ್ಲ

"ಹಲ್ಲು ಎಷ್ಟು ಸವೆಯುತ್ತದೆ ಅಂತ ಅಳೆಯಲು ಆಗುತ್ತಾ?" ಅಂತ ನೀವು ಕೇಳಬಹುದು. ಆಗುತ್ತದೆ. 1970ರ ದಶಕದಿಂದಲೂ ಪ್ರಯೋಗಾಲಯಗಳಲ್ಲಿ ಒಂದು ಒಪ್ಪಿತ ವಿಧಾನದಲ್ಲಿ ಅಳೆಯುತ್ತಿದ್ದಾರೆ. ಅದರ ಹೆಸರು ಆರ್‌ಡಿಎ. ಡೆಂಟಿನ್ ಎಷ್ಟು ಸವೆಯುತ್ತದೆ ಅನ್ನುವ ಲೆಕ್ಕ.

ಕಿತ್ತ ಹಲ್ಲಿನ ಬೇರನ್ನು ಮೊದಲು ಅಣುರಿಯಾಕ್ಟರಿನಲ್ಲಿ ಇಟ್ಟು, ಅದರೊಳಗಿನ ರಂಜಕ ವಿಕಿರಣ ಸೂಸುವ ಹಾಗೆ ಮಾಡುತ್ತಾರೆ. ಆಮೇಲೆ ಯಂತ್ರಕ್ಕೆ ಸಿಕ್ಕಿಸಿ, ಪರೀಕ್ಷೆಗೆ ಬಂದ ಪೇಸ್ಟನ್ನು ನೀರಿನಲ್ಲಿ ಕಲಸಿ, ಒಂದೇ ತೂಕದಲ್ಲಿ ಒತ್ತಿ, ಎಣಿಸಿದಷ್ಟು ಸಲ ಬ್ರಷ್ ಎಳೆಯುತ್ತಾರೆ. ಸವೆದ ಹಲ್ಲಿನ ಪುಡಿ ಆ ಕಲಸಿದ ನೀರಿಗೆ ಬರುತ್ತದೆ. ನೀರಿನಲ್ಲಿ ವಿಕಿರಣ ಎಷ್ಟಿದೆ ಅಂತ ಅಳೆದರೆ ಹಲ್ಲು ಎಷ್ಟು ಸವೆಯಿತು ಅಂತ ಗೊತ್ತಾಗುತ್ತದೆ. ಹೋಲಿಕೆಗೆ ಇಟ್ಟುಕೊಂಡ ಒಂದು ಪುಡಿಯ ಸವೆತಕ್ಕೆ 100 ಅಂತ ಅಂಕ. ಅದರ ಎರಡೂವರೆ ಪಟ್ಟು, ಅಂದರೆ 250, ಅಂತರರಾಷ್ಟ್ರೀಯ ಮಾನಕ ಹಾಕಿದ ಗೆರೆ. 250ರ ಒಳಗಿನ ಪೇಸ್ಟನ್ನು ಮೆತ್ತನೆಯ ಬ್ರಷ್ಷಿನಲ್ಲಿ ಸರಿಯಾಗಿ ಬಳಸಿದರೆ ಜೀವಮಾನ ಪೂರ್ತಿ ಡೆಂಟಿನ್ ಸವೆತ ಅಲ್ಪ, ಎನಾಮಲ್ ಸವೆತ ಇಲ್ಲವೆನ್ನುವಷ್ಟು ಕಡಿಮೆ ಅನ್ನುವುದು ದಂತವೈದ್ಯರ ಸಂಘಗಳ ಮಾತು.

ಹಾಗಾಗಿ ಪೇಸ್ಟ್ ಅಂದರೆ ವಿಷ ಅಂತ ನಾವು ಹೇಳುತ್ತಿಲ್ಲ. ಹಲ್ಲುಪುಡಿಯೆಲ್ಲ ಕೆಟ್ಟದ್ದು ಅಂತಲೂ ಹೇಳುತ್ತಿಲ್ಲ. ನಂಜನಗೂಡಿನ ಹಲ್ಲುಪುಡಿ ಮನೆಮಾತಾಗಿದ್ದ ನಾಡು ನಮ್ಮದು. ನಯವಾದ ಪುಡಿಯೂ ಇದೆ, ಒರಟಾದ ಪೇಸ್ಟೂ ಇದೆ. 'ವೈಟನಿಂಗ್' ಅಂತ ಬರೆದುಕೊಂಡ ಟ್ಯೂಬುಗಳಲ್ಲಿ ಉಜ್ಜುವ ಶಕ್ತಿ ಹೆಚ್ಚಿರುವುದು ಉಂಟು. ನಮ್ಮ ಸಿಟ್ಟು ಇಷ್ಟಕ್ಕೇ: ಯಾವುದು ನಯ, ಯಾವುದು ಒರಟು ಅಂತ ಅಳೆಯುವ ದಾರಿ ಇದ್ದೂ ನಮಗೆ ಹೇಳುವುದಿಲ್ಲ ಯಾಕೆ?

ಏನೂ ಹೇಳದಿದ್ದಾಗ ಜನ ಏನು ಮಾಡುತ್ತಾರೆ? ಟ್ಯೂಬಿನ ಬಾಲದಲ್ಲಿರುವ ಬಣ್ಣದ ಪಟ್ಟಿ ನೋಡುತ್ತಾರೆ. "ಹಸಿರು ಪಟ್ಟಿ ಇದ್ದರೆ ನೈಸರ್ಗಿಕ, ಕಪ್ಪು ಇದ್ದರೆ ಪೂರ್ತಿ ಕೆಮಿಕಲ್" ಅನ್ನುವ ಮೆಸೇಜು ನಿಮಗೂ ಬಂದಿರುತ್ತದೆ. ಅದು ಶುದ್ಧ ಸುಳ್ಳು. ಆ ಪಟ್ಟಿ ಇರುವುದು ಕಾರ್ಖಾನೆಯ ಯಂತ್ರಕ್ಕೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಅಂತ ತೋರಿಸಲು. ಆದರೆ ಆ ಸುಳ್ಳು ಹಬ್ಬಿದ್ದು ಯಾಕೆ? ನಂಬಲು ಬೇರೆ ಏನನ್ನೂ ಕಂಪನಿಗಳು ಬರೆದಿರಲಿಲ್ಲ.

ಉಪ್ಪುಕಾಗದ ಕೋರ್ಟಿಗೂ ಹೋಗಿತ್ತು

ಇದು ಕಂಪನಿಗಳಿಗೆ ಗೊತ್ತಿಲ್ಲದ ವಿಷಯವೇ? 2004ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಒಂದು ಕೇಸು ಬಂತು. ಡಾಬರ್ ಒಂದು ಕಡೆ, ಕೋಲ್ಗೇಟ್ ಇನ್ನೊಂದು ಕಡೆ. ಕೋಲ್ಗೇಟ್‌ನ ಟಿವಿ ಜಾಹೀರಾತಿನಲ್ಲಿ ನಟ ಸುನೀಲ್ ಶೆಟ್ಟಿ ಕೆಂಪು ಹಲ್ಲುಪುಡಿ ಕೊಳ್ಳುವವರನ್ನು ತಡೆದು, ಆ ಪುಡಿಯನ್ನು ಕನ್ನಡಕದ ಗಾಜಿಗೆ ಉಜ್ಜಿ ಗೀರು ತೋರಿಸಿ, ಇದು ಉಪ್ಪುಕಾಗದ ಉಜ್ಜಿದ ಹಾಗೆ ಅನ್ನುತ್ತಿದ್ದರು. ತನ್ನ ಹೆಸರು ಹೇಳದಿದ್ದರೂ ತನ್ನ ಸರಕಿನ ಮಾನ ಹೋಯಿತು ಅಂತ ಡಾಬರ್ ಕೋರ್ಟಿಗೆ ಹೋಯಿತು. ಹೆಸರು ಹೇಳದಿದ್ದರೂ ಒಂದು ಬಗೆಯ ಸರಕನ್ನೇ ಹೀಗಳೆಯುವುದು ಸರಿಯಲ್ಲ ಅಂತ ಕೋರ್ಟ್ ಆ ಜಾಹೀರಾತಿಗೆ ತಡೆ ಕೊಟ್ಟಿತು.

ಕೋರ್ಟ್ ಮುಂದಿದ್ದ ಪ್ರಶ್ನೆ ಒಬ್ಬ ವ್ಯಾಪಾರಿ ಇನ್ನೊಬ್ಬನ ಸರಕನ್ನು ಹೀಗಳೆಯಬಹುದೇ ಅನ್ನುವುದು. ಯಾರ ಸರಕು ಒರಟು ಅಂತ ನಾವೂ ಇಲ್ಲಿ ತೀರ್ಪು ಕೊಡುತ್ತಿಲ್ಲ. ನಾವು ಕೇಳುವುದು ಬೇರೆ. ಇನ್ನೊಬ್ಬರ ಪುಡಿ ಗೀರುತ್ತದೆ ಅಂತ ಟಿವಿಯಲ್ಲಿ ತೋರಿಸಲು ದುಡ್ಡಿದ್ದ ಕಂಪನಿಗೆ ತನ್ನ ಟ್ಯೂಬಿನ ಮೇಲೆ ತನ್ನ ನಂಬರ್ ಅಚ್ಚು ಹಾಕಲು ಏನಡ್ಡಿ ಇತ್ತು? ಮಾನ ಹೋಯಿತು ಅಂದ ಕಂಪನಿಯೂ ತನ್ನ ಡಬ್ಬಿಯ ಮೇಲೆ ನಂಬರ್ ಹಾಕಿ ಬಾಯಿ ಮುಚ್ಚಿಸಬಹುದಿತ್ತಲ್ಲ? ಎರಡಾನೆ ಕಾದಾಡಿದವು, ಗರಿಕೆ ತುಳಿತಕ್ಕೆ ಸಿಕ್ಕಿತು. ಆ ಗರಿಕೆ ನಮ್ಮ ಹಲ್ಲು.

ಫ್ಲೋರೈಡ್ ನೀರಿನ ಊರುಗಳಲ್ಲಿ

ಈ ವಿಷಯ ಪೇಟೆಗಿಂತ ಹಳ್ಳಿಗೆ ಯಾಕೆ ದೊಡ್ಡದು ಅಂದರೆ, ನಮ್ಮ ಬಯಲುಸೀಮೆಯ ಬಾಯಿಗಳಲ್ಲಿ ಉತ್ತರ ಇದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅನ್ನುವುದು ಹಳೆಯ ಗೋಳು. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುವುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಕರೆ ಮೂಡುತ್ತವೆ.

ಆ ಕರೆ ಮೇಲೆ ಕೂತ ಕೊಳೆಯಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಎನಾಮಲ್ ಕೆಟ್ಟು ಬಂದ ಗುರುತು. ಉಜ್ಜಿದರೆ ಹೋಗುವಂಥದ್ದಲ್ಲ. ಆದರೆ ಹದಿನಾರು ಹದಿನೇಳರ ಹುಡುಗ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೆಣ್ಣು ನೋಡಲು ಬರುತ್ತಾರೆ ಅಂದರೆ ಮನೆಯವರೇ "ಚೆನ್ನಾಗಿ ತಿಕ್ಕಮ್ಮಾ" ಅನ್ನುತ್ತಾರೆ. ಆ ಮಕ್ಕಳು ಇಟ್ಟಿಗೆ ಪುಡಿ ಹಾಕುತ್ತಾರೆ, ಬೂದಿ ಹಾಕುತ್ತಾರೆ, ಬೆಳಿಗ್ಗೆ ಸಂಜೆ ಕೆರೆಯುತ್ತಾರೆ. ಫ್ಲೋರೈಡ್ ತೀರಾ ಹೆಚ್ಚಾಗಿ ಕೆಟ್ಟ ಎನಾಮಲ್ ಮೊದಲೇ ಟೊಳ್ಳು ಟೊಳ್ಳು, ಚಕ್ಕೆ ಏಳುವಂಥದ್ದು. ಅದರ ಮೇಲೆ ಈ ಒರಟು ಉಜ್ಜಾಟ. ಕರೆ ಹೋಗುವುದಿಲ್ಲ, ಹಲ್ಲೇ ಹೋಗುತ್ತದೆ.

ಇವರ ನಾಚಿಕೆಯ ಮೇಲೆ ವ್ಯಾಪಾರ ಮಾಡುವವರು ಜಾತ್ರೆಗೆ ಬರುತ್ತಾರೆ, ಸಂತೆಗೆ ಬರುತ್ತಾರೆ. ಹತ್ತಿಗೆ ಏನೋ ಅದ್ದಿ ಒಂದು ಹಲ್ಲಿಗೆ ಸವರಿ, ಅಲ್ಲೇ ಬೆಳ್ಳಗೆ ಮಾಡಿ ಕನ್ನಡಿ ಹಿಡಿಯುತ್ತಾರೆ. ಚಿಟಿಕೆ ಹೊಡೆದಷ್ಟು ಬೇಗ ಹಲ್ಲು ಬೆಳ್ಳಗಾಯಿತು ಅಂದರೆ ಆಸಿಡ್ ಇರಬಹುದೆಂಬ ಅನುಮಾನ ಮೊದಲು ಬರಲಿ. ಆ ಪೊಟ್ಟಣದ ಮೇಲೆ ಹೆಸರಿಲ್ಲ, ಊರಿಲ್ಲ, ತಯಾರಿಸಿದ ತಾರೀಖಿಲ್ಲ. ನಾಳೆ ಹಲ್ಲು ಕೆಟ್ಟರೆ ಯಾರನ್ನು ಹುಡುಕುತ್ತೀರಿ?

"ನಮ್ಮಜ್ಜ ಬೂದಿಯಲ್ಲೇ ಉಜ್ಜಿದ್ದು"

ಈ ಮಾತು ಹೇಳದ ಊರಿಲ್ಲ. "ನಮ್ಮಜ್ಜ ಎಂಬತ್ತರಲ್ಲೂ ಕಬ್ಬು ಸಿಗಿದು ತಿಂತಿದ್ರು, ಪೇಸ್ಟ್ ಕಂಡೇ ಇರಲಿಲ್ಲ." ನಿಜವಿರಬಹುದು. ಆದರೆ ಅವರು ಬಿಸ್ಕತ್ತು, ಚಾಕೊಲೇಟು, ಬಾಟಲಿಯ ಬಣ್ಣದ ನೀರು ಕಂಡೂ ಇರಲಿಲ್ಲ. ಅವರ ಹಲ್ಲು ಉಳಿದದ್ದು ಬೂದಿಯಿಂದಲೋ, ಸಕ್ಕರೆ ಇಲ್ಲದ ಊಟದಿಂದಲೋ? ಇನ್ನೊಂದು ಮಾತು. ಎಂಬತ್ತರಲ್ಲಿ ಕಬ್ಬು ತಿಂದ ಅಜ್ಜ ನಮಗೆ ನೆನಪಿರುತ್ತಾರೆ. ಐವತ್ತಕ್ಕೇ ಬೊಚ್ಚುಬಾಯಾಗಿ ರೊಟ್ಟಿಯನ್ನು ಸಾರಿಗೆ ನೆನೆಸಿ ಉಂಡ ಅಜ್ಜಿಯರ ಲೆಕ್ಕ ಯಾರು ಇಟ್ಟಿದ್ದಾರೆ?

"ಬೇವಿನ ಕಡ್ಡಿಯೂ ಬೇಡವಾ ಹಾಗಾದರೆ?" ಅನ್ನಬೇಡಿ. ಬೇವಿನದೋ ಹೊಂಗೆಯದೋ ಹಸಿ ಕಡ್ಡಿಯನ್ನು ತುದಿ ಎಳೆ ಎಳೆ ಆಗುವವರೆಗೆ ಚೆನ್ನಾಗಿ ಜಗಿದು, ಮೆಲ್ಲಗೆ ಆಡಿಸಿದರೆ ಅದರಲ್ಲಿ ಕಲ್ಲು ಮಣ್ಣು ಏನೂ ಇಲ್ಲ. ಜಗಿಯದೆ ಒರಟು ತುದಿಯಿಂದ ವಸಡಿಗೆ ಚುಚ್ಚಬಾರದು ಅಷ್ಟೇ.

"ಪುಡಿ ಅಗ್ಗ, ಬಡವರ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ?" ಅನ್ನುವವರಿಗೂ ಉತ್ತರ ಇದೆ. ಪುಡಿ ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ. ಅಗ್ಗದ ಪುಡಿ ಕೊಳ್ಳುವವನಿಗೆ ಹಲ್ಲು ಕೆಟ್ಟರೆ ತುಂಬಿಸಲು ದುಡ್ಡಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ನಂಬರ್ ಎಲ್ಲರಿಗಿಂತ ಹೆಚ್ಚು ಬೇಕಿರುವುದು ಅವನಿಗೇ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಹಣೆಬರಹ ಅಂತ ಒಪ್ಪಿಕೊಳ್ಳಬೇಕಿಲ್ಲ.

ನಾವು ಕೇಳುವುದು

ಒಂದು. ಪೇಸ್ಟ್ ಆಗಲಿ ಪುಡಿ ಆಗಲಿ, ಪ್ರತಿ ಪೊಟ್ಟಣದ ಮೇಲೆ ಸವೆತದ ನಂಬರ್ ಬರಲಿ. ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ಇದು ಆಗದ ಮಾತಲ್ಲ. ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆಯಬೇಕು ಅಂತ ನಮ್ಮ ದೇಶದ ನಿಯಮವೇ ಹೇಳುತ್ತದೆ. ಕಂಪನಿಗಳು ಬರೆಯುತ್ತಿವೆ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಗೆ ಜಾಗ ಇಲ್ಲವೇ?

ಎರಡು. ಎಲ್ಲರಿಗೂ ಒಂದೇ ನಿಯಮ ಇರಲಿ. ಕಾಸ್ಮೆಟಿಕ್ ಅಂತ ಮಾರುವ ಪೇಸ್ಟ್‌ಗೆ ಐಎಸ್ 6356, ಪುಡಿಗೆ ಐಎಸ್ 5383 ಅನ್ನುವ ಮಾನಕಗಳಿವೆ. ಆಯುರ್ವೇದ ಔಷಧ ಅನ್ನುವ ಲೈಸೆನ್ಸಿನಲ್ಲಿ ತಯಾರಾಗುವ ಪುಡಿಯದು ಬೇರೆ ದಾರಿ. ಹಲ್ಲಿಗೆ ಆ ಭೇದ ಗೊತ್ತಿಲ್ಲ. ಆಯುರ್ವೇದ ಅಂತ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ. 1992ರಲ್ಲಿ ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಕಂಪನಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋದರೂ 1997ರಲ್ಲಿ ನಿಷೇಧವೇ ಗೆದ್ದಿತು. ಮನಸ್ಸಿದ್ದರೆ ಮಾರ್ಗ ಇದೆ.

ಮೂರು. ಜಾತ್ರೆ, ಸಂತೆ, ಬಸ್‌ಸ್ಟ್ಯಾಂಡಿನಲ್ಲಿ ವಿಳಾಸವಿಲ್ಲದ ಹಲ್ಲುಪುಡಿ, ಹಲ್ಲು ಬಿಳಿ ಮಾಡುವ ದ್ರಾವಣ ಮಾರುವುದನ್ನು ಔಷಧ ಇಲಾಖೆಯವರು ಬಂದು ನೋಡಲಿ. ಪಂಚಾಯಿತಿಯವರು ಸಂತೆ ಸುಂಕ ವಸೂಲಿ ಮಾಡುವಾಗಲಾದರೂ ಏನು ಮಾರುತ್ತಿದ್ದೀರಿ ಅಂತ ಕೇಳಲಿ.

ಹಲ್ಲು ಪೂರ್ತಿ ಹೋದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ನಮ್ಮ ರಾಜ್ಯ 'ದಂತಭಾಗ್ಯ' ಯೋಜನೆ ತಂದಿದೆ. ಒಳ್ಳೆಯದೇ. ಆದರೆ ಹಲ್ಲು ಹೋದ ಮೇಲೆ ಕೊಡುವ ಭಾಗ್ಯಕ್ಕಿಂತ, ಹೋಗದ ಹಾಗೆ ನೋಡಿಕೊಳ್ಳುವ ಒಂದು ಸಾಲಿನ ಅಚ್ಚು ಎಷ್ಟೋ ಅಗ್ಗ.

ಅಲ್ಲಿಯವರೆಗೆ ಮನೆಯಲ್ಲಿ

ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಮರಳಿನ ಹಾಗೆ ಕರಕರ ಅಂದರೆ ಬಿಸಾಕಿ. ಪೇಸ್ಟನ್ನು ತೆಳು ಕಾಗದದ ಮೇಲೆ ಹಿಂಡಿ ಬೆರಳಿನಿಂದ ಒತ್ತುತ್ತಾ ಹೋಗಿ, ಗಟ್ಟಿ ಕಣ ಸಿಕ್ಕರೆ ಬೇಡ. ಹಳೆಯ ಗಾಜಿನ ಚೂರಿಗೆ ಪುಡಿ ಹಾಕಿ, ಒದ್ದೆ ಬಟ್ಟೆಯಿಂದ ತಿಕ್ಕಿ ಬೆಳಕಿಗೆ ಹಿಡಿಯಿರಿ. ಗಾಜಿಗೇ ಗೀರು ಬಿದ್ದರೆ ಹಲ್ಲಿಗೆ ಬೀಳದೇ ಇರುವುದಿಲ್ಲ. ಗೀರು ಬೀಳಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ, ಯಾಕಂದರೆ ಹಲ್ಲಿನ ಬೇರು ಗಾಜಿಗಿಂತ ಬಹಳ ಮೆತ್ತಗೆ.

ಇಟ್ಟಿಗೆ ಪುಡಿ, ಮರಳು, ಬೂದಿ ಇವತ್ತಿಗೇ ನಿಲ್ಲಿಸಿ. 'ಸಾಫ್ಟ್' ಅಂತ ಬರೆದ ಬ್ರಷ್ ಕೊಳ್ಳಿ. ಕಡಲೆಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುವುದು ಟ್ಯೂಬ್ ಬೇಗ ಖಾಲಿಯಾಗಲಿ ಅಂತ. ಬ್ರಷ್ಷನ್ನು ಪೆನ್ನು ಹಿಡಿದ ಹಾಗೆ ಹಗುರವಾಗಿ ಹಿಡಿದು, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಆಡಿಸಿ. ಗರಗಸದ ಹಾಗೆ ಅಡ್ಡಡ್ಡ ಎಳೆಯಬೇಡಿ. ಹುಳಿ ತಿಂದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಚಿಕ್ಕ ಮಕ್ಕಳು ಪೇಸ್ಟ್ ನುಂಗದ ಹಾಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಫ್ಲೋರೈಡ್ ನೀರಿನ ಊರಿನವರು ಯಾವ ಪೇಸ್ಟ್ ಅಂತ ದಂತವೈದ್ಯರನ್ನು ಕೇಳಿಯೇ ಕೊಳ್ಳಿ. ಹಲ್ಲಿನ ಕಂದು ಕರೆಗೆ ಅವರ ಹತ್ತಿರ ಬೇರೆ ಉಪಾಯ ಇದೆ, ಇಟ್ಟಿಗೆ ಪುಡಿ ಅಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ ಬಣ್ಣ ಕೇಳಬೇಡಿ. "ಇದರ ಸವೆತದ ನಂಬರ್ ಎಷ್ಟಣ್ಣಾ?" ಅಂತ ಕೇಳಿ. ಅವರಿಗೆ ಗೊತ್ತಿರುವುದಿಲ್ಲ. ಹತ್ತು ಜನ ಕೇಳಿದರೆ ಅವರು ಸರಕು ಹಾಕುವ ಏಜೆಂಟನನ್ನು ಕೇಳುತ್ತಾರೆ. ನೂರು ಅಂಗಡಿಯವರು ಕೇಳಿದರೆ ಏಜೆಂಟ ಕಂಪನಿಯನ್ನು ಕೇಳುತ್ತಾನೆ. ಪೊಟ್ಟಣದ ಮೇಲೆ ಕಂಪನಿಯ ಗ್ರಾಹಕ ಸೇವೆ ನಂಬರ್ ಇರುತ್ತದೆ, ಫೋನ್ ನಿಮ್ಮ ಕೈಯಲ್ಲೇ ಇದೆ. ಅವರನ್ನೂ ಕೇಳಿ, ಏನು ಉತ್ತರ ಕೊಟ್ಟರು ಅಂತ ನಮಗೆ ಬರೆದು ಕಳಿಸಿ.